ನೀರಿನಲ್ಲೊಂದು, ಎಣ್ಣೆಯಲ್ಲೊಂದು: ಬೆಳ್ಳುಳ್ಳಿ ಹೇಳುವ ದ್ರಾವಕದ ಪಾಠ

ಒಡ್ಡನ್‌ಛತ್ರದ ತರಕಾರಿ ಮಾರುಕಟ್ಟೆಯ ಹೆಸರನ್ನು ಕೇಳದವರು ನಮ್ಮ ಸೀಮೆಯಲ್ಲಿ ಇರಲಾರರು. ನುಗ್ಗೆ, ಟೊಮೇಟೊ, ಸಣ್ಣ ಈರುಳ್ಳಿ ಮೊದಲಾದವು ಇಲ್ಲಿ ರಾಶಿಬಿದ್ದು, ಲಾರಿಗಳನ್ನೇರಿ ಕೇರಳದವರೆಗೂ ಹೋಗುತ್ತವೆ. ಊರಿನ ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಪಳನಿ ಬೆಟ್ಟಗಳ ಸಾಲು. ಆ ಬೆಟ್ಟಗಳ ಮೇಲೆ, ಕೊಡೈಕನಾಲಿನ ಸುತ್ತಮುತ್ತಲಿನ ಪೂಂಬಾರೈ, ಮನ್ನವನೂರು ಮೊದಲಾದ ಹಳ್ಳಿಗಳಲ್ಲಿ ಬೆಳೆಯುವ ‘ಮಲೈಪೂಂಡು’, ಎಂದರೆ ಬೆಟ್ಟದ ಬೆಳ್ಳುಳ್ಳಿ, 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆಯಿತು. ಬೆಟ್ಟದ ಇನ್ನೊಂದು ಮಗ್ಗುಲಲ್ಲಿ, ತೇನಿ ಜಿಲ್ಲೆಯ ಪೆರಿಯಕುಳದ ಬಳಿ ಇರುವ ವಡುಗಪಟ್ಟಿಯಂತೂ ಬೆಳ್ಳುಳ್ಳಿಯ ಸಂತೆಗೇ ಹೆಸರಾದ ಊರು.

ಕಂಬಂ ಕಣಿವೆಯಿಂದ ದಿಂಡಿಗಲ್ಲಿನವರೆಗೆ ಹರಡಿರುವ ನಮ್ಮ ಕನ್ನಡ ಮನೆಗಳಲ್ಲಿ, ಅಂಗಡಿಯಲ್ಲಿ ‘ಪೂಂಡು’ ಎನ್ನಿಸಿಕೊಂಡದ್ದು ಹೊಸಿಲು ದಾಟಿ ಒಳಗೆ ಬಂದೊಡನೆ ಬೆಳ್ಳುಳ್ಳಿಯಾಗುತ್ತದೆ. ಹೆಸರು ಬದಲಾದರೂ ವಸ್ತು ಒಂದೇ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅದೇ ಅಡಿಗೆಮನೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಸಂಗತಿಯೊಂದು ದಿನವೂ ನಡೆಯುತ್ತಿರುತ್ತದೆ. ಅಲ್ಲಿ ಹೆಸರು ಒಂದೇ ಇದ್ದು, ವಸ್ತುವೇ ಬದಲಾಗಿಬಿಡುತ್ತದೆ. ಜಜ್ಜಿದ ಬೆಳ್ಳುಳ್ಳಿಯನ್ನು ನೀರಿಗೆ ಹಾಕಿದರೆ ಒಂದು ಬಗೆಯ ವಸ್ತುಗಳು, ಎಣ್ಣೆಗೆ ಹಾಕಿದರೆ ಮತ್ತೊಂದು ಬಗೆಯವು, ಮದ್ಯಸಾರಕ್ಕೆ ಹಾಕಿದರೆ ಇನ್ನೂ ಬೇರೆಯವು ಹುಟ್ಟುತ್ತವೆ. ಎಸಳು ಅದೇ, ಒರಳು ಅದೇ, ಜಜ್ಜಿದ ಕೈಯೂ ಅದೇ. ಹಾಗಾದರೆ ಈ ವ್ಯತ್ಯಾಸವನ್ನು ಮಾಡಿದವರು ಯಾರು?

ರಸಾಯನಶಾಸ್ತ್ರವು ಇದಕ್ಕೆ ಕೊಡುವ ಉತ್ತರ ಒಂದೇ ಮಾತಿನದು: ದ್ರಾವಕ. ಯಾವುದರಲ್ಲಿ ವಸ್ತುವು ಕರಗಿರುತ್ತದೆಯೋ ಅದು ದ್ರಾವಕ. ಅದು ಬರಿಯ ಪಾತ್ರೆಯಂತೆ ಸುಮ್ಮನೆ ಇರುವುದಿಲ್ಲ. ಮುಂದೆ ಹುಟ್ಟಬಹುದಾದ ಹಲವು ವಸ್ತುಗಳಲ್ಲಿ ಯಾವುದು ಹೆಚ್ಚಾಗಿ ಹುಟ್ಟಬೇಕೆಂಬ ಆಯ್ಕೆಯಲ್ಲಿ ಅದರ ಕೈವಾಡವಿರುತ್ತದೆ. ಈ ತತ್ವವನ್ನು ಔಷಧ ತಯಾರಿಸುವವರೂ ಬಣ್ಣ ತಯಾರಿಸುವವರೂ ಪ್ರತಿದಿನ ಬಳಸುತ್ತಾರೆ. ನಾವು ಅದನ್ನು ಬೆಳ್ಳುಳ್ಳಿಯಿಂದಲೇ ಕಲಿಯಬಹುದು.

ಜಜ್ಜಿದ ಗಳಿಗೆಯಲ್ಲಿ

ಸಿಪ್ಪೆಯೊಳಗೆ ಇಡಿಯಾಗಿರುವ ಬೆಳ್ಳುಳ್ಳಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲವೆಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ವಾಸನೆ ಹುಟ್ಟುವುದು ಚಾಕು ತಾಗಿದ ಮೇಲೆ. ಎಸಳಿನ ಜೀವಕೋಶಗಳಲ್ಲಿ ‘ಅಲಿಯಿನ್’ ಎಂಬ, ಗಂಧಕವನ್ನೊಳಗೊಂಡ, ವಾಸನೆಯಿಲ್ಲದ ವಸ್ತುವಿದೆ. ಅದರಿಂದ ಬೇರೆಯಾದ ಕೋಣೆಗಳಲ್ಲಿ ‘ಅಲಿಯಿನೇಸ್’ ಎಂಬ ಕಿಣ್ವವಿದೆ. ಇಡಿಯ ಎಸಳಿನಲ್ಲಿ ಇವೆರಡೂ ಪರಸ್ಪರ ಮುಖ ನೋಡುವುದಿಲ್ಲ. ಜಜ್ಜಿದಾಗ ಗೋಡೆಗಳು ಒಡೆದು ಇವೆರಡೂ ಒಂದುಗೂಡುತ್ತವೆ. ಕೆಲವೇ ಕ್ಷಣಗಳಲ್ಲಿ ಕಿಣ್ವವು ಅಲಿಯಿನ್ನನ್ನು ‘ಅಲಿಸಿನ್’ ಎಂಬ ಘಾಟಿನ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಮೂಗಿಗೆ ಬಡಿಯುವುದೂ ನಾಲಗೆಯನ್ನು ಚುರುಗುಟ್ಟಿಸುವುದೂ ಈ ಅಲಿಸಿನ್ನೇ.

ಇಷ್ಟನ್ನು ತಿಳಿಯಲು ವಿಜ್ಞಾನಿಗಳಿಗೆ ನೂರು ವರ್ಷಗಳೇ ಬೇಕಾದವು. ಆ ಚರಿತ್ರೆಯೇ ನಮ್ಮ ವಿಷಯಕ್ಕೆ ಒಳ್ಳೆಯ ಪೀಠಿಕೆ. 1844ರಲ್ಲಿ ಥಿಯೊಡೋರ್ ವರ್ಥೈಮ್ ಎಂಬ ರಸಾಯನಜ್ಞನು ಬೆಳ್ಳುಳ್ಳಿಯನ್ನು ನೀರಿನ ಹಬೆಯಲ್ಲಿ ಬಟ್ಟಿಯಿಳಿಸಿ ಗಾಢವಾದ ವಾಸನೆಯ ತೈಲವೊಂದನ್ನು ಪಡೆದನು. ಬೆಳ್ಳುಳ್ಳಿಯ ಲ್ಯಾಟಿನ್ ಹೆಸರು ‘ಅಲಿಯಂ’ ಎಂಬುದರಿಂದ ‘ಅಲೈಲ್’ ಎಂಬ ಪದವನ್ನು ರಸಾಯನಶಾಸ್ತ್ರಕ್ಕೆ ಕೊಟ್ಟವನೂ ಅವನೇ. 1892ರಲ್ಲಿ ಜರ್ಮನಿಯ ಸೆಮ್ಲರ್ ಎಂಬಾತನು ಆ ತೈಲದ ಮುಖ್ಯ ಭಾಗವು ‘ಡೈಅಲೈಲ್ ಡೈಸಲ್ಫೈಡ್’ ಎಂದು ತೋರಿಸಿದನು. ಬೆಳ್ಳುಳ್ಳಿಯ ಗುಟ್ಟು ಬಯಲಾಯಿತೆಂದು ಅಂದಿನವರು ಭಾವಿಸಿದ್ದರೆ ಅದು ಸಹಜವೇ.

ಆದರೆ 1944ರಲ್ಲಿ ಅಮೆರಿಕದ ಚೆಸ್ಟರ್ ಕ್ಯಾವಲಿಟೊ ಮತ್ತು ಅವನ ಸಂಗಡಿಗರು ಹಬೆಯನ್ನು ಬಿಟ್ಟು, ಕೋಣೆಯ ಸಾಮಾನ್ಯ ಉಷ್ಣತೆಯಲ್ಲಿ ಮದ್ಯಸಾರವನ್ನು ಬಳಸಿದರು. 4 ಕಿಲೋಗ್ರಾಂ ಬೆಳ್ಳುಳ್ಳಿಯಿಂದ ಕೊನೆಗೆ ಅವರಿಗೆ ದೊರೆತದ್ದು 6 ಗ್ರಾಂ ತೈಲ. ಅದು ಸೆಮ್ಲರನ ಸಲ್ಫೈಡ್ ಆಗಿರಲಿಲ್ಲ. ಅದೇ ಅಲಿಸಿನ್, ರೋಗಾಣುಗಳನ್ನು ಕೊಲ್ಲಬಲ್ಲ ವಸ್ತು. ಅದರ ಒಂದು ಅಣುವಿನಲ್ಲಿ 6 ಇಂಗಾಲ, 10 ಜಲಜನಕ, 2 ಗಂಧಕ, 1 ಆಮ್ಲಜನಕದ ಪರಮಾಣುಗಳು. ಮುಂದೆ ಅದೇ ದಶಕದಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಆರ್ಥರ್ ಸ್ಟಾಲ್ ಮತ್ತು ಎವಾಲ್ಡ್ ಸೀಬೆಕ್ ಎಂಬಿಬ್ಬರು ಕಿಣ್ವವು ಕೆಲಸ ಮಾಡಲಾಗದಷ್ಟು ಶೀತಲವಾದ ಸ್ಥಿತಿಯಲ್ಲಿ ಮದ್ಯಸಾರವನ್ನು ಬಳಸಿದಾಗ, ಅಲಿಸಿನ್ನಿಗೂ ಹಿಂದಿನ ವಸ್ತುವಾದ ಅಲಿಯಿನ್ ಕೈಗೆ ಸಿಕ್ಕಿತು.

ಮೂವರೂ ಬೆಳ್ಳುಳ್ಳಿಯನ್ನೇ ಪರೀಕ್ಷಿಸಿದರು, ಮೂವರಿಗೂ ದೊರೆತದ್ದು ಬೇರೆ ಬೇರೆ ವಸ್ತು. ಯಾರೂ ತಪ್ಪು ಮಾಡಿರಲಿಲ್ಲ. ಕುದಿಯುವ ನೀರಿಗೆ ಬೆಳ್ಳುಳ್ಳಿ ಕೊಟ್ಟ ಉತ್ತರ ಒಂದು, ತಣ್ಣನೆಯ ಮದ್ಯಸಾರಕ್ಕೆ ಕೊಟ್ಟ ಉತ್ತರ ಇನ್ನೊಂದು. ಕಾವು ಮತ್ತು ದ್ರಾವಕ ಎರಡೂ ಇಲ್ಲಿ ಸೇರಿ ಕೆಲಸ ಮಾಡಿದ್ದವು. ಕಾವನ್ನು ಬದಿಗಿಟ್ಟು ದ್ರಾವಕದ ಕೆಲಸವೊಂದನ್ನೇ ಕಾಣಬೇಕಾದರೆ, ಅಲಿಸಿನ್ ಹುಟ್ಟಿದ ಮೇಲೆ ಅದಕ್ಕೆ ಏನಾಗುತ್ತದೆಂಬುದನ್ನು ನೋಡಬೇಕು.

ಕವಲುದಾರಿ

ಅಲಿಸಿನ್ ಸ್ಥಿರವಾದ ವಸ್ತುವಲ್ಲ. ಹುಟ್ಟಿದ ಗಳಿಗೆಯಿಂದಲೇ ಅದು ಬೇರೊಂದಾಗಲು ಹವಣಿಸುತ್ತಿರುತ್ತದೆ. ಅದರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯ ದಾರಿಯಲ್ಲಿ ಅದಕ್ಕೆ ಯಾರ ನೆರವೂ ಬೇಡ. ಅಣುವು ತನ್ನಷ್ಟಕ್ಕೆ ತಾನೇ ಎರಡು ಹೋಳಾಗುತ್ತದೆ. ಅವುಗಳಲ್ಲೊಂದು ‘ಥಯೋಅಕ್ರೋಲಿನ್’ ಎಂಬ ಚಂಚಲವಾದ ತುಂಡು. ಇಂತಹ ಎರಡು ತುಂಡುಗಳು ಸಂಧಿಸಿದಾಗ ಕೈಕೈ ಹಿಡಿದು ಉಂಗುರದ ಆಕಾರದ ಅಣುವೊಂದಾಗುತ್ತವೆ. ಅದಕ್ಕೆ ‘ವಿನೈಲ್‌ಡೈಥೈಯಿನ್’ ಎಂದು ಹೆಸರು. ಈ ದಾರಿಯುದ್ದಕ್ಕೂ ವಿದ್ಯುದಂಶವುಳ್ಳ ಕಣಗಳು ಹುಟ್ಟುವ ಅಗತ್ಯವಿಲ್ಲ.

ಎರಡನೆಯ ದಾರಿ ಒಂಟಿಯ ದಾರಿಯಲ್ಲ. ಇಲ್ಲಿ ಒಂದು ಅಲಿಸಿನ್ ಅಣುವಿನ ಗಂಧಕವು ಇನ್ನೊಂದು ಅಲಿಸಿನ್ ಅಣುವಿನ ಗಂಧಕವನ್ನು ಹಿಡಿಯುತ್ತದೆ. ನಡುವಿನ ಹಂತದಲ್ಲಿ ಧನ ವಿದ್ಯುದಂಶವನ್ನು ಹೊತ್ತ ಕಣವೊಂದು ರೂಪುಗೊಳ್ಳುತ್ತದೆ. ಕೊನೆಗೆ ಲೆಕ್ಕ ಹಾಕಿದರೆ, ಮೂರು ಅಲಿಸಿನ್ ಅಣುಗಳಿಂದ ಎರಡು ಹೊಸ ಅಣುಗಳೂ ಒಂದು ನೀರಿನ ಅಣುವೂ ಬಂದಿರುತ್ತವೆ. 1984ರಲ್ಲಿ ಅಮೆರಿಕದ ಎರಿಕ್ ಬ್ಲಾಕ್, ಮಹೇಂದ್ರ ಜೈನ್, ವೆನೆಜುವೆಲಾದ ರಾಫೆಲ್ ಅಪಿಟ್ಸ್‌ಕಾಸ್ತ್ರೊ ಮತ್ತಿತರರು ಕೂಡಿ ಈ ಹೊಸ ವಸ್ತುವನ್ನು ಪ್ರಕಟಪಡಿಸಿದರು. ಸ್ಪಾನಿಷ್ ಭಾಷೆಯಲ್ಲಿ ಬೆಳ್ಳುಳ್ಳಿಗೆ ‘ಆಹೋ’ ಎನ್ನುವುದರಿಂದ ಅದಕ್ಕೆ ‘ಅಹೋಯೀನ್’ ಎಂದು ಹೆಸರಿಟ್ಟರು. ಪ್ರಯೋಗಶಾಲೆಯಲ್ಲಿ ಅವರು ಅದನ್ನು ಪಡೆದದ್ದು ಅಲಿಸಿನ್ನನ್ನು ಅಸಿಟೋನ್ ಮತ್ತು ನೀರು ಬೆರೆತ ದ್ರಾವಕದಲ್ಲಿ ಕಾಯಿಸಿ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಅಹೋಯೀನ್ ತಡೆಯುತ್ತದೆಂಬುದೇ ಅವರ ಆಸಕ್ತಿಗೆ ಕಾರಣ.

ಈಗ ಕವಲುದಾರಿಯಲ್ಲಿ ನಿಂತ ಅಲಿಸಿನ್ನಿಗೆ ದಾರಿ ತೋರಿಸುವವರಾರು? ನೀರು, ಮದ್ಯಸಾರ, ಅಸಿಟೋನ್ ಇವು ಧ್ರುವೀಯ ದ್ರಾವಕಗಳು. ಇವುಗಳ ಅಣುವಿನ ಒಂದು ತುದಿಯಲ್ಲಿ ಸ್ವಲ್ಪ ಋಣ, ಇನ್ನೊಂದು ತುದಿಯಲ್ಲಿ ಸ್ವಲ್ಪ ಧನ ವಿದ್ಯುದಂಶವಿರುತ್ತದೆ. ನಡುದಾರಿಯಲ್ಲಿ ವಿದ್ಯುದಂಶವುಳ್ಳ ಕಣವು ಹುಟ್ಟಿದರೆ ಇವು ಅದರ ಸುತ್ತ ನೆರೆದು, ತಮ್ಮ ಯೋಗ್ಯವಾದ ತುದಿಯನ್ನು ಅದರತ್ತ ತಿರುಗಿಸಿ ಆಸರೆ ಕೊಡುತ್ತವೆ. ಆದುದರಿಂದ ಧ್ರುವೀಯ ಮಾಧ್ಯಮದಲ್ಲಿ ಎರಡನೆಯ ದಾರಿ ಸುಗಮವಾಗುತ್ತದೆ. ಎಣ್ಣೆ, ತುಪ್ಪ, ಹೆಕ್ಸೇನ್ ಇವುಗಳಲ್ಲಿ ಇಂತಹ ಆಸರೆಯಿಲ್ಲ. ವಿದ್ಯುದಂಶವನ್ನು ಹೊತ್ತು ನಡೆಯುವ ದಾರಿ ಅಲ್ಲಿ ದುರ್ಗಮ. ಆಗ ಅಲಿಸಿನ್ ತನ್ನಷ್ಟಕ್ಕೆ ತಾನು ಹೋಳಾಗುವ ಮೊದಲನೆಯ ದಾರಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ಎಣ್ಣೆಯಲ್ಲಿ ನೆನೆಸಿದ ಬೆಳ್ಳುಳ್ಳಿಯಲ್ಲಿ ವಿನೈಲ್‌ಡೈಥೈಯಿನ್‌ಗಳೇ ಮೇಲುಗೈಯಾಗಿರುವುದಕ್ಕೆ ಕಾರಣ ಇದು. ಅಹೋಯೀನ್ ಕೂಡ ಅಲ್ಲಿ ಅಷ್ಟಿಷ್ಟು ಇದ್ದೇ ಇರುತ್ತದೆ. ದ್ರಾವಕವು ಒಂದು ದಾರಿಯನ್ನು ಪೂರ್ತಿ ಮುಚ್ಚುವುದು ಅಪರೂಪ. ಒಂದನ್ನು ಅಗಲಿಸಿ ಇನ್ನೊಂದನ್ನು ಕಿರಿದಾಗಿಸುವುದೇ ಅದರ ರೀತಿ. ಶುದ್ಧವಾದ ನೀರಿನಲ್ಲಾದರೋ ಅಲಿಸಿನ್ ನಿಧಾನವಾಗಿ ಡೈಅಲೈಲ್ ಸಲ್ಫೈಡುಗಳ ಕಡೆಗೆ ಸಾಗುತ್ತದೆ. ಕುದಿಸಿದರೆ ಆ ಸಾಗಾಟ ತೀವ್ರವಾಗುತ್ತದೆ. ವರ್ಥೈಮನ ತೈಲ ಬಂದದ್ದು ಈ ಮಾರ್ಗದಲ್ಲಿ.

ಬದಲಾವಣೆಯ ವೇಗವನ್ನೂ ದ್ರಾವಕವೇ ನಿರ್ಣಯಿಸುತ್ತದೆ. 2008ರಲ್ಲಿ ಜಪಾನಿನ ಸಂಶೋಧಕರು ಅಲಿಸಿನ್ ಎಷ್ಟು ಕಾಲ ಉಳಿಯುತ್ತದೆಂಬುದನ್ನು ಅಳೆದು ನೋಡಿದರು. ನೀರಿನಲ್ಲಿ ಅದು ಅರ್ಧದಷ್ಟಾಗಲು ಕೋಣೆಯ ಉಷ್ಣತೆಯಲ್ಲಿ ದಿನಗಳೇ ಹಿಡಿದವು. 20 ಶೇಕಡಾ ಮದ್ಯಸಾರ ಬೆರೆತ ನೀರಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯಿತು. ಅಡಿಗೆಯ ಎಣ್ಣೆಯಲ್ಲಿ ಮಾತ್ರ 3.1 ಗಂಟೆಯಲ್ಲೇ ಅರ್ಧವಾಯಿತು. ರೋಗಾಣುವನ್ನು ತಡೆಯುವ ಶಕ್ತಿಯಂತೂ ಎಣ್ಣೆಯಲ್ಲಿ 0.8 ಗಂಟೆಯಲ್ಲಿ, ಎಂದರೆ ಸುಮಾರು ಮುಕ್ಕಾಲು ಗಂಟೆಯಲ್ಲಿ, ಅರ್ಧಕ್ಕಿಳಿಯಿತು. ಎಣ್ಣೆಯು ಎಲ್ಲವನ್ನೂ ಕೆಡದಂತೆ ಕಾಪಾಡುತ್ತದೆಂದು ನಂಬಿರುವ ನಮಗೆ ಇದು ಅನಿರೀಕ್ಷಿತವಾದ ಸಂಗತಿಯಲ್ಲವೆ?

ದ್ರಾವಕವು ಬರಿಯ ಸಾಕ್ಷಿಯಲ್ಲ

ಬೆಳ್ಳುಳ್ಳಿಯಲ್ಲಿ ಕಂಡ ಈ ನಿಯಮವನ್ನು ರಸಾಯನಜ್ಞರು ಬೇರೆ ಕಡೆಗಳಲ್ಲಿ ಬಹಳ ಹಿಂದೆಯೇ ಗುರುತಿಸಿದ್ದರು. 1890ರಲ್ಲಿ ರಷ್ಯದ ನಿಕೊಲಾಯ್ ಮೆನ್‌ಶುಟ್ಕಿನ್ ಎಂಬ ವಿದ್ವಾಂಸನು ಒಂದೇ ರಾಸಾಯನಿಕ ಕ್ರಿಯೆಯನ್ನು 23 ಬೇರೆ ಬೇರೆ ದ್ರಾವಕಗಳಲ್ಲಿ ನಡೆಸಿ ಅವುಗಳ ವೇಗವನ್ನು ಹೋಲಿಸಿದನು. ಹೆಕ್ಸೇನಿನಲ್ಲಿ ವೇಗ 1 ಎಂದಿಟ್ಟುಕೊಂಡರೆ ಬೆಂಜೀನಿನಲ್ಲಿ 36, ಮೆಥನಾಲಿನಲ್ಲಿ 280, ಬೆಂಜೈಲ್ ಆಲ್ಕೊಹಾಲಿನಲ್ಲಿ 742 ಎಂದು ಕಂಡುಬಂದಿತು. ಕ್ರಿಯೆಯನ್ನು ಅದು ನಡೆಯುವ ಮಾಧ್ಯಮದಿಂದ ಬೇರ್ಪಡಿಸಿ ಯೋಚಿಸಲಾಗದೆಂಬುದು ಅಂದೇ ಸಿದ್ಧವಾಯಿತು. ಇದರ ಕಾರಣವನ್ನು 1935ರಲ್ಲಿ ಲಂಡನ್ನಿನ ಹ್ಯೂಸ್ ಮತ್ತು ಇಂಗೋಲ್ಡ್ ಎಂಬುವರು ಸೂತ್ರಪ್ರಾಯವಾಗಿ ವಿವರಿಸಿದರು. ಕ್ರಿಯೆಯ ನಡುಹಂತದಲ್ಲಿ ವಿದ್ಯುದಂಶವು ಹೊಸದಾಗಿ ಹುಟ್ಟುವುದಾದರೆ ಧ್ರುವೀಯ ದ್ರಾವಕವು ಅದಕ್ಕೆ ನೆರವಾಗುತ್ತದೆ. ಇದ್ದ ವಿದ್ಯುದಂಶವು ಚದರುವುದಾದರೆ ಅಂತಹ ದ್ರಾವಕವು ಅದನ್ನು ತುಸು ಹಿಂದೆಳೆಯುತ್ತದೆ. ನಾವು ಮೇಲೆ ಬೆಳ್ಳುಳ್ಳಿಗೆ ಅನ್ವಯಿಸಿದ್ದು ಇದೇ ಸೂತ್ರವನ್ನು.

ವೇಗದ ಮಾತು ಹಾಗಿರಲಿ. ಒಂದೇ ಅಣುವಿನಲ್ಲಿ ಎರಡು ಬಾಗಿಲುಗಳಿದ್ದರೆ ಹೊಸಬನು ಯಾವ ಬಾಗಿಲಿನಿಂದ ಒಳಹೊಗಬೇಕೆಂಬುದನ್ನೂ ದ್ರಾವಕವು ನಿರ್ಣಯಿಸಬಲ್ಲದು. ನೇಕಾರಿಕೆಯ ಮನೆಗಳಲ್ಲಿ ‘ನ್ಯಾಫ್ಥಾಲ್ ಬಣ್ಣ’ ಎಂಬ ಮಾತು ಪರಿಚಿತವಾದದ್ದು. ಹತ್ತಿಯ ನೂಲಿಗೆ ಗಾಢವಾದ ಕೆಂಪನ್ನು ಕೊಡುವ ಆ ಬಣ್ಣಗಳ ಮೂಲದಲ್ಲಿರುವ ವಸ್ತುಗಳಲ್ಲೊಂದು ಬೀಟಾ ನ್ಯಾಫ್ಥಾಲ್. ಇದರ ಸೋಡಿಯಂ ಲವಣಕ್ಕೆ ಹೊಸ ಇಂಗಾಲದ ಗುಂಪೊಂದನ್ನು ಜೋಡಿಸುವಾಗ ಎರಡು ಬಾಗಿಲುಗಳಿವೆ: ಒಂದು ಆಮ್ಲಜನಕದ ಪರಮಾಣು, ಇನ್ನೊಂದು ಅದರ ನೆರೆಯ ಇಂಗಾಲದ ಪರಮಾಣು. ಅಮೆರಿಕದ ನೇಥನ್ ಕಾರ್ನ್‌ಬ್ಲಂ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಡೈಮೀಥೈಲ್ ಫಾರ್ಮಮೈಡ್ ಎಂಬ ದ್ರಾವಕವನ್ನು ಬಳಸಿದಾಗ ಹೊಸ ಗುಂಪು 97 ಶೇಕಡಾ ಆಮ್ಲಜನಕದ ಬಾಗಿಲನ್ನೇ ಹೊಕ್ಕಿತು. ದ್ರಾವಕವನ್ನು ಬದಲಿಸಿ ನೀರನ್ನು ಬಳಸಿದಾಗ 84 ಶೇಕಡಾ ಇಂಗಾಲದ ಬಾಗಿಲನ್ನು ಹೊಕ್ಕಿತು, ಆಮ್ಲಜನಕಕ್ಕೆ ಸೇರಿದ್ದು 10 ಶೇಕಡಾ ಮಾತ್ರ.

ಕಾರಣವನ್ನು ಮಾರುಕಟ್ಟೆಯ ಉಪಮೆಯಿಂದಲೇ ಹೇಳಬಹುದು. ನೀರಿನ ಅಣುಗಳಿಗೆ ಋಣ ವಿದ್ಯುದಂಶವುಳ್ಳ ಆಮ್ಲಜನಕವೆಂದರೆ ಬಹಳ ಪ್ರೀತಿ. ಜಲಜನಕದ ಕೊಂಡಿಗಳಿಂದ ಅವು ಅದನ್ನು ಸುತ್ತುವರಿದು ನಿಲ್ಲುತ್ತವೆ. ಮುಂಬಾಗಿಲಿನಲ್ಲಿ ಗಿರಾಕಿಗಳ ನೂಕುನುಗ್ಗಲಾದ ಅಂಗಡಿಗೆ ಬಂದ ಹೊಸಬನು ಪಕ್ಕದ ಬಾಗಿಲನ್ನು ಹುಡುಕುವಂತೆ, ಹೊಸ ಗುಂಪು ಇಂಗಾಲದತ್ತ ತಿರುಗುತ್ತದೆ. ಡೈಮೀಥೈಲ್ ಫಾರ್ಮಮೈಡಿಗೆ ಜಲಜನಕದ ಕೊಂಡಿಯನ್ನು ಚಾಚುವ ಶಕ್ತಿಯಿಲ್ಲ. ಅಲ್ಲಿ ಆಮ್ಲಜನಕದ ಮುಂಬಾಗಿಲು ತೆರೆದೇ ಇರುತ್ತದೆ.

ಮೂರನೆಯ ಉದಾಹರಣೆ ಬೆಂಗಳೂರಿಗೂ ಸಂಬಂಧಿಸಿದ್ದು. 1928ರಲ್ಲಿ ಜರ್ಮನಿಯ ಡೀಲ್ಸ್ ಮತ್ತು ಆಲ್ಡರ್ ಎಂಬುವರು ವಿವರಿಸಿದ, 1950ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ಕ್ರಿಯೆಯೊಂದಿದೆ. ಎರಡು ಅಣುಗಳು ಕೈಕೈ ಹಿಡಿದು ಉಂಗುರವಾಗುವ ಕ್ರಿಯೆಯದು. ಎಣ್ಣೆಯಲ್ಲಿ ಥಯೋಅಕ್ರೋಲಿನ್ ತುಂಡುಗಳು ಜೋಡಿಯಾಗುವುದೂ ಇದೇ ಬಗೆಯಲ್ಲಿ. ಇಂತಹ ಕ್ರಿಯೆಗಳಿಗೆ ನೀರು ತಕ್ಕ ದ್ರಾವಕವೆಂದು ಬಹುಕಾಲ ಯಾರೂ ಎಣಿಸಿರಲಿಲ್ಲ. 1980ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೆಸ್ಲೊ ಮತ್ತು ಡ್ಯಾರಿಲ್ ರೈಡ್‌ಔಟ್ ಅವರು ಈ ಬಗೆಯ ಕ್ರಿಯೆಯೊಂದು ಐಸೊಆಕ್ಟೇನ್ ಎಂಬ ಎಣ್ಣೆಯಂಥ ದ್ರಾವಕಕ್ಕಿಂತ ನೀರಿನಲ್ಲಿ 700 ಪಟ್ಟಿಗೂ ಹೆಚ್ಚು ವೇಗವಾಗಿ ನಡೆಯುತ್ತದೆಂದು ತೋರಿಸಿದರು. 1983ರಲ್ಲಿ ಅವರೊಡನೆ ಉದಯ್ ಮೈತ್ರ ಅವರೂ ಸೇರಿ ಪ್ರಕಟಿಸಿದ ಕೆಲಸದಲ್ಲಿ, ನೀರು ವೇಗವನ್ನಷ್ಟೇ ಅಲ್ಲದೆ ಆಕಾರವನ್ನೂ ಆಯ್ದುಕೊಡುತ್ತದೆಂದು ತಿಳಿದುಬಂದಿತು. ಹುಟ್ಟಬಹುದಾದ ಎರಡು ಆಕಾರಗಳ ಪ್ರಮಾಣವು ನೀರಿಲ್ಲದೆ ಸುಮಾರು 4ಕ್ಕೆ 1 ಇದ್ದದ್ದು, ನೀರಿನಲ್ಲಿ 20ಕ್ಕೆ 1ನ್ನೂ ಮೀರಿತು. ಸಾರಿನ ಮೇಲೆ ಎಣ್ಣೆಯ ಹನಿಗಳು ಒಂದನ್ನೊಂದು ಕೂಡಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ರೀತಿ ನೀರು ತನಗೆ ಸೇರದ ಎರಡು ಅಣುಗಳನ್ನು ಒಟ್ಟಿಗೆ ಒತ್ತಿ, ಕಡಿಮೆ ಜಾಗ ಹಿಡಿಯುವ ಆಕಾರವನ್ನೇ ಹೆಚ್ಚಾಗಿ ಹುಟ್ಟಿಸುತ್ತದೆ. ಉದಯ್ ಮೈತ್ರ ಅವರು ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾವಯವ ರಸಾಯನದ ಪ್ರಾಧ್ಯಾಪಕರಾದರು.

ಹಾಗಾದರೆ ಬೆಳ್ಳುಳ್ಳಿಯ ಉಂಗುರಗಳು ನೀರಿನಲ್ಲೇ ಹೆಚ್ಚಾಗಿ ಆಗಬೇಕಿತ್ತಲ್ಲವೆ, ಎಂದು ಜಾಣರಾದ ಓದುಗರು ಕೇಳಬಹುದು. ಜೋಡಿಯಾಗಬೇಕಾದರೆ ಮೊದಲು ಆ ತುಂಡುಗಳು ಹುಟ್ಟಬೇಕಷ್ಟೆ. ಧ್ರುವೀಯ ಮಾಧ್ಯಮದಲ್ಲಿ ಅಲಿಸಿನ್ನಿನ ಬಹುಭಾಗವು ಅದಕ್ಕೆ ಮುಂಚೆಯೇ ಬೇರೆಯ ದಾರಿಯನ್ನು ಹಿಡಿದಿರುತ್ತದೆ. ಯಾವ ದ್ರಾವಕ ಒಳ್ಳೆಯದೆಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಹಂತಕ್ಕೆ, ಯಾವ ವಸ್ತುವಿಗೆ ಎಂಬುದನ್ನು ಕೇಳಿಯೇ ಹೇಳಬೇಕಾಗುತ್ತದೆ.

ಸೀಸೆಯ ಮೇಲಿನ ಹೆಸರು

ಇಷ್ಟೆಲ್ಲ ತಿಳಿದು ನಮಗೇನು ಪ್ರಯೋಜನ? ಔಷಧದ ಅಂಗಡಿಗಳಲ್ಲಿ ಬೆಳ್ಳುಳ್ಳಿಯ ಹೆಸರಿನ ಗುಳಿಗೆಗಳೂ ಸೀಸೆಗಳೂ ಸಾಲಾಗಿ ನಿಂತಿರುತ್ತವೆ. ಮಧುರೈಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ವಯಸ್ಸಾದ ತಂದೆತಾಯಿಗಳಿಗೆ ಅವನ್ನು ಪ್ರೀತಿಯಿಂದ ತಂದುಕೊಡುವುದೂ ಉಂಟು. ಎಲ್ಲದರ ಮೇಲೂ ಬೆಳ್ಳುಳ್ಳಿ ಎಂದೇ ಬರೆದಿದ್ದರೂ ಒಳಗಿರುವುದು ಒಂದೇ ಅಲ್ಲ. ಹಬೆಯಲ್ಲಿ ಇಳಿಸಿದ ತೈಲದಲ್ಲಿರುವುದು ಸಲ್ಫೈಡುಗಳು. ಅಡಿಗೆಯ ಎಣ್ಣೆಯಲ್ಲಿ ನೆನೆಸಿ ತೆಗೆದದ್ದರಲ್ಲಿ ವಿನೈಲ್‌ಡೈಥೈಯಿನ್‌ಗಳೂ ಸ್ವಲ್ಪ ಅಹೋಯೀನ್ ಕೂಡ ಇರುತ್ತವೆ. ಒಣಗಿಸಿ ಪುಡಿ ಮಾಡಿದ್ದರಲ್ಲಿ ಅಲಿಯಿನ್ ಮತ್ತು ಕಿಣ್ವ ಎರಡೂ ಒಣಗಿ ಕುಳಿತಿದ್ದು, ನೀರು ತಾಗಿದಾಗ ಮಾತ್ರ ಅಲಿಸಿನ್ ಹುಟ್ಟುತ್ತದೆ. ಹೊಟ್ಟೆಯ ಆಮ್ಲವು ಕಿಣ್ವವನ್ನು ಕೆಡಿಸಿದರೆ ಅದೂ ಇಲ್ಲ. ನೀರು ಬೆರೆತ ಮದ್ಯಸಾರದಲ್ಲಿ 20 ತಿಂಗಳವರೆಗೂ ನೆನೆಸಿ ‘ಹಳತು’ ಮಾಡಿದ ಸಾರದಲ್ಲಿ ಅಲಿಸಿನ್ ಉಳಿದಿರುವುದಿಲ್ಲ. ನೀರಿನಲ್ಲಿ ಕರಗುವ, ಘಾಟಿಲ್ಲದ, ‘ಎಸ್‌-ಅಲೈಲ್ ಸಿಸ್ಟೀನ್’ ಎಂಬ ಬೇರೆಯ ವಸ್ತು ಅಲ್ಲಿ ಪ್ರಧಾನ.

ಆದುದರಿಂದ ಬೆಳ್ಳುಳ್ಳಿ ಇಂಥ ರೋಗಕ್ಕೆ ಒಳ್ಳೆಯದಂತೆ ಎಂದು ಯಾರಾದರೂ ಹೇಳಿದಾಗ, ನಾವು ಕೇಳಬೇಕಾದ ಮೊದಲ ಪ್ರಶ್ನೆ ‘ಯಾವುದರಲ್ಲಿ ಹಾಕಿದ್ದು?’ ಎಂಬುದು. ಒಂದು ಬಗೆಯ ಸಾರದ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇನ್ನೊಂದು ಬಗೆಗೆ ಅನ್ವಯಿಸುವಂತಿಲ್ಲ. ನಮ್ಮ ಹಿರಿಯರು ಹಾಲಿನಲ್ಲಿ ಬೇಯಿಸುವ ಬೆಳ್ಳುಳ್ಳಿ, ಆಯುರ್ವೇದದಲ್ಲಿ ‘ಲಶುನಕ್ಷೀರ’ವೆಂದು ಹೆಸರಾದದ್ದು, ಹಸಿಯ ಎಸಳು, ತುಪ್ಪದಲ್ಲಿ ಹುರಿದ ಎಸಳು ಇವನ್ನು ಅವರು ಒಂದೇ ಎಂದು ಭಾವಿಸಲಿಲ್ಲ. ಯಾವುದರಲ್ಲಿ ಎಂಬ ಎಚ್ಚರ ಅವರಿಗಿತ್ತು. ಕಾರಣದ ವಿವರವನ್ನು ಮಾತ್ರ ಇತ್ತೀಚಿನ ವಿಜ್ಞಾನವು ಒದಗಿಸಿದೆ.

ಎರಡು ಎಚ್ಚರಿಕೆಗಳು

ಮೊದಲನೆಯದು ಎಣ್ಣೆಯಲ್ಲಿ ಬೆಳ್ಳುಳ್ಳಿಯನ್ನು ಶೇಖರಿಸುವ ಬಗ್ಗೆ. ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವಂಥದ್ದು. ಮಣ್ಣಿನಲ್ಲಿರುವ ಬೊಟ್ಯುಲಿಸಂ ರೋಗಾಣುವಿನ ಬೀಜಕಣಗಳು ಎಸಳಿಗೆ ಅಂಟಿರಬಹುದು. ಗಾಳಿಯಿದ್ದಲ್ಲಿ ಅವು ನಿರುಪದ್ರವಿ. ಎಣ್ಣೆಯು ಗಾಳಿಯನ್ನು ತಡೆಯುತ್ತದೆ. ರೋಗಾಣುವನ್ನು ತಡೆಯಬೇಕಾಗಿದ್ದ ಅಲಿಸಿನ್ ಕೆಲವೇ ಗಂಟೆಗಳಲ್ಲಿ ಕರಗಿಹೋಗುತ್ತದೆಂಬುದನ್ನು ಮೇಲೆ ನೋಡಿದೆವು. ಆಗ ಬೆಚ್ಚಗಿನ ಕೋಣೆಯಲ್ಲಿಟ್ಟ ಸೀಸೆಯೊಳಗೆ ಘೋರವಾದ ವಿಷವು ಹುಟ್ಟಬಹುದು. ಅದಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಸೋಯಾ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯಿಂದ 36 ಮಂದಿ ಹಾಸಿಗೆ ಹಿಡಿದರು. 1989ರಲ್ಲಿ ಅಮೆರಿಕದ ಕಿಂಗ್ಸ್‌ಟನ್ನಿನಲ್ಲಿ ಮೂವರು ಪೀಡಿತರಾದರು. ಆ ಬಳಿಕ ಅಮೆರಿಕದ ಸರಕಾರವು ಇಂತಹ ಸೀಸೆಗಳಿಗೆ ಆಮ್ಲವನ್ನು ಸೇರಿಸಲೇಬೇಕೆಂದು ವಿಧಿಸಿತು. ನಮ್ಮ ಉಪ್ಪಿನಕಾಯಿಯ ಪದ್ಧತಿಯಲ್ಲಿ ಹುಣಿಸೆ ಅಥವಾ ನಿಂಬೆಯ ಹುಳಿ, ಸಾಕಷ್ಟು ಉಪ್ಪು ಇರುವುದು ರುಚಿಗಾಗಿ ಮಾತ್ರವಲ್ಲ. ಹುಳಿ ತಕ್ಕಷ್ಟಿದ್ದರೆ ಈ ರೋಗಾಣು ಬೆಳೆಯಲಾರದು. ಹುಳಿಯಿಲ್ಲದ, ಬರಿಯ ಎಣ್ಣೆಯ ಬೆಳ್ಳುಳ್ಳಿಯನ್ನು ಮಾಡಿದರೆ ತಂಪುಪೆಟ್ಟಿಗೆಯಲ್ಲಿಟ್ಟು ನಾಲ್ಕು ದಿನಗಳೊಳಗೆ ಮುಗಿಸಬೇಕು. ಮಿಕ್ಕರೆ ಚೆಲ್ಲಬೇಕು. ಹಸುಳೆಯ ನೆತ್ತಿಗೆ ಹಚ್ಚಲೆಂದು ಕಾಯಿಸಿಟ್ಟ ಎಣ್ಣೆಯನ್ನು ತಿಂಗಳಾನಂತರ ಅಡಿಗೆಗೆ ಬಳಸುವಂತಹ ಮಿತವ್ಯಯ ಎಂದಿಗೂ ಬೇಡ.

ಎರಡನೆಯದು ರಕ್ತದ ಬಗ್ಗೆ. ಅಹೋಯೀನಿನಂತಹ ವಸ್ತುಗಳು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸುವ ಸಂಭವವುಂಟು. ಸಾರಿನಲ್ಲಿ ಹಾಕಿದ ನಾಲ್ಕು ಎಸಳಿಗೆ ಯಾರೂ ಅಂಜಬೇಕಾಗಿಲ್ಲ. ಆದರೆ ಗುಳಿಗೆಯ ರೂಪದಲ್ಲಿ ಪ್ರತಿದಿನ ತೆಗೆದುಕೊಳ್ಳುವವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಶಸ್ತ್ರಚಿಕಿತ್ಸೆಗೆ ಕನಿಷ್ಠ ಏಳು ದಿನ ಮುಂಚೆ ಇಂತಹ ಗುಳಿಗೆಗಳನ್ನು ನಿಲ್ಲಿಸುವುದು ಒಳ್ಳೆಯದೆಂದು 2001ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಜ್ಞರು ಸೂಚಿಸಿದರು. ರಕ್ತವನ್ನು ತೆಳುವಾಗಿಸುವ ಔಷಧವನ್ನು ಸೇವಿಸುತ್ತಿರುವವರಂತೂ ಕೇಳದೆ ಇಂಥದನ್ನು ತೊಡಗಲೇಬಾರದು. ಮನೆಯ ಮದ್ದೆಂದು ಮುಚ್ಚಿಡುವುದರಿಂದ ತೊಂದರೆಯೇ ಹೊರತು ಲಾಭವಿಲ್ಲ.

ಅಡಿಗೆಮನೆಯ ಪಾಠಶಾಲೆ

ಹಸಿಯ ಘಾಟು ಬೇಕಾದವರು ಬೆಳ್ಳುಳ್ಳಿಯನ್ನು ಜಜ್ಜಿ, ಹತ್ತು ನಿಮಿಷ ಹಾಗೆಯೇ ಬಿಟ್ಟು, ಆಮೇಲೆ ಒಲೆಗೆ ಹಾಕುವುದು ಉಚಿತ. ಕಿಣ್ವಕ್ಕೆ ತನ್ನ ಕೆಲಸವನ್ನು ಮುಗಿಸಲು ಸಮಯ ದೊರೆಯುತ್ತದೆ. ಇಡಿಯ ಎಸಳನ್ನು ನೇರವಾಗಿ ಕಾದ ತುಪ್ಪಕ್ಕೆ ಹಾಕಿದರೆ ಕಿಣ್ವವು ಕಾವಿಗೆ ಕೆಟ್ಟು, ಅಲಿಸಿನ್ ಹೆಚ್ಚಾಗಿ ಹುಟ್ಟದೆ, ಎಸಳು ಮೆದುವಾಗಿ ಸಿಹಿಯಾಗುತ್ತದೆ. ಎರಡೂ ರುಚಿಯೇ. ಬೇಕಾದದ್ದು ಯಾವುದೆಂದು ತಿಳಿದು ಮಾಡಿದರಾಯಿತು.

ನಮ್ಮ ಮಕ್ಕಳು ರಸಾಯನಶಾಸ್ತ್ರವನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಓದುತ್ತಾರೆ. ಆ ಪಾಠವನ್ನು ಮನೆಮಾತಿನಲ್ಲಿ ಒಮ್ಮೆ ಹೇಳಿಕೊಡಬಯಸುವ ತಾಯಿತಂದೆಗಳು ಒಂದು ಸಣ್ಣ ಪರೀಕ್ಷೆಯನ್ನು ಮಾಡಿಸಬಹುದು. ಎರಡು ಎಸಳು ಬೆಳ್ಳುಳ್ಳಿಯನ್ನು ಜಜ್ಜಿ ಸಮನಾಗಿ ಎರಡು ಪಾಲು ಮಾಡಲಿ. ಒಂದನ್ನು ಬಟ್ಟಲು ನೀರಿಗೂ ಇನ್ನೊಂದನ್ನು ಅಷ್ಟೇ ಕಡಲೆಕಾಯಿ ಎಣ್ಣೆಗೂ ಹಾಕಿ ಮುಚ್ಚಲಿ. ಆಗೊಮ್ಮೆ, ಸಂಜೆಯೊಮ್ಮೆ, ಮರುದಿನ ಬೆಳಗ್ಗೆ ಒಮ್ಮೆ ಮುಚ್ಚಳ ತೆಗೆದು ಮೂಸಿ, ಎರಡರ ವಾಸನೆ ಒಂದೇ ಇದೆಯೇ ಎಂದು ಬರೆದಿಡಲಿ. ರುಚಿ ನೋಡದೆ ಎರಡನ್ನೂ ಚೆಲ್ಲಿಬಿಡಲಿ. ದ್ರಾವಕವೆಂದರೆ ಏನೆಂಬ ಪ್ರಶ್ನೆಯನ್ನು ಆ ಮಕ್ಕಳು ಮತ್ತೆ ಯಾರಲ್ಲೂ ಕೇಳಬೇಕಾಗುವುದಿಲ್ಲ.

ಬೆಟ್ಟದ ರೈತನು ಸಂತೆಗೆ ತರುವುದು ಗಡ್ಡೆಯನ್ನು ಮಾತ್ರ. ಅದರೊಳಗೆ ಹಲವು ವಸ್ತುಗಳಾಗುವ ಸಾಧ್ಯತೆ ಅಡಗಿ ಕುಳಿತಿದೆ. ಅವುಗಳಲ್ಲಿ ಯಾವುದು ಹೊರಬರಬೇಕೆಂಬುದರ ಬಹುಪಾಲು ನಿರ್ಣಯವಾಗುವುದು ನಾವು ಅದನ್ನು ಯಾವುದರಲ್ಲಿ ಹಾಕುತ್ತೇವೆಂಬುದರಿಂದ. ಮುಂದಿನ ಸಲ ಒರಳಿನ ಮುಂದೆ ಕುಳಿತಾಗಲೂ, ಔಷಧದ ಅಂಗಡಿಯ ಮುಂದೆ ನಿಂತಾಗಲೂ ಈ ಒಂದು ಮಾತು ನೆನಪಿನಲ್ಲಿದ್ದರೆ ಸಾಕು.